‘ಟೆನೆಟ್’ ನೋಡೋದಾದರೆ ಹೇಗೆ? ಥಿಯೇಟರ್, ಡಬ್ಬಿಂಗ್, ಸಬ್‌ಟೈಟಲ್

ಕ್ರಿಸ್ಟೋಫರ್ ನೋಲನ್ ನಿರ್ದೇಶನದ ‘ಟೆನೆಟ್’ 2020ರಲ್ಲಿ ಬಂದ, ಕಾಲ ಹಿಂದಕ್ಕೆ ಹರಿಯುವ ಕಥೆಯ ಇಂಗ್ಲಿಷ್ ಸಿನಿಮಾ. ಹಾಸನದ ನಮ್ಮ ಗೆಳೆಯರ ಗುಂಪಿನಲ್ಲಿ ಅದರ ಜಗಳ ಇನ್ನೂ ಮುಗಿದಿಲ್ಲ. ಅರ್ಧ ಜನ ಅದ್ಭುತ ಅನ್ನುತ್ತಾರೆ, ಇನ್ನರ್ಧ ಜನ ಬರೀ ತಲೆನೋವು ಅನ್ನುತ್ತಾರೆ. ಯಾರು ಎಲ್ಲಿ, ಹೇಗೆ ನೋಡಿದರು ಅಂತ ಕೇಳಿದರೆ ಜಗಳದ ಕಾರಣ ಅರ್ಧ ಗೊತ್ತಾಗುತ್ತದೆ. ನಾನು ಥಿಯೇಟರಿನಲ್ಲಿ ನೋಡಿದೆ, ಹಿಂದಿಯಲ್ಲಿ ನೋಡಿದೆ, ಮನೆಯಲ್ಲಿ ಸಬ್‌ಟೈಟಲ್ ಹಾಕಿಕೊಂಡೂ ನೋಡಿದೆ. ಮೂರೂ ಬೇರೆ ಬೇರೆ ಸಿನಿಮಾ ಅನ್ನುವಷ್ಟು ವ್ಯತ್ಯಾಸ ಇದೆ.

ನಮ್ಮಲ್ಲಿ ಅದು ಡಿಸೆಂಬರ್‌ನಲ್ಲಿ ತೆರೆಗೆ ಬಂತು. ಕೊರೊನಾ ಇನ್ನೂ ಪೂರ್ತಿ ಹೋಗಿರಲಿಲ್ಲ. ದೊಡ್ಡ ಪರದೆ ಬೇಕೇ ಬೇಕು ಅಂತ ಬೆಂಗಳೂರಿಗೆ ಹೋದೆ. ಆ ವಿಷಯದಲ್ಲಿ ದುಡ್ಡು ವಸೂಲಾಯಿತು. ವಿಮಾನ ಹೋಗಿ ಕಟ್ಟಡಕ್ಕೆ ಗುದ್ದುವ ದೃಶ್ಯಕ್ಕೆ ಚಿತ್ರತಂಡದವರು ಹಳೆಯದೊಂದು ನಿಜವಾದ ಬೋಯಿಂಗ್ 747 ಅನ್ನೇ ಬಳಸಿದ್ದಾರೆ. ಆ ತೂಕ ಪರದೆಯ ಮೇಲೆ ಗೊತ್ತಾಗುತ್ತದೆ. ಲುಡ್ವಿಗ್ ಗೊರಾನ್ಸನ್ ಅವರ ಸಂಗೀತ ಎದೆಗೇ ಬಡಿಯುತ್ತದೆ. ಮುಂಬೈ ಕಂಡಾಗ, ಡಿಂಪಲ್ ಕಪಾಡಿಯಾ ಬಂದಾಗ ಶಿಳ್ಳೆ ಬಿತ್ತು.

ಆದರೆ ಮಾತು? ಮಾತೇ ಕೇಳಿಸಲಿಲ್ಲ. ನೋಲನ್ ಅವರಿಗೆ ಚಿತ್ರೀಕರಣದ ಜಾಗದಲ್ಲಿ ಆಡಿದ ಮಾತನ್ನೇ ಇಟ್ಟುಕೊಳ್ಳುವುದು ಇಷ್ಟ. ಆಮೇಲೆ ಸ್ಟುಡಿಯೋದಲ್ಲಿ ಮತ್ತೆ ಹೇಳಿಸುವುದು ಅವರಿಗೆ ಹಿಡಿಸುವುದಿಲ್ಲ. ಇಲ್ಲಿ ಪಾತ್ರಗಳು ಮಾಸ್ಕ್ ಹಾಕಿಕೊಂಡೇ ಮಾತಾಡುತ್ತವೆ, ದೋಣಿಯಲ್ಲಿ ಗಾಳಿಗೆ ಎದುರಾಗಿ ಕೂಗುತ್ತವೆ, ಮೇಲೆ ಸಂಗೀತ ಬೇರೆ. ಕಥೆ ಮೊದಲೇ ಕಷ್ಟ. ಅದನ್ನು ಬಿಡಿಸಿ ಹೇಳುವ ಸಾಲುಗಳೇ ಕಿವಿಗೆ ಬೀಳದಿದ್ದರೆ ನೋಡುವವರು ಏನು ಮಾಡಬೇಕು? ‘ಅರ್ಥ ಆಗಲಿಲ್ಲ’ ಅಂದವರನ್ನು ದಡ್ಡರು ಅನ್ನುವವರ ಮೇಲೆ ನನಗೆ ಸಿಟ್ಟಿದೆ. ಇಂಗ್ಲಿಷ್ ತಾಯ್ನುಡಿ ಆದವರೂ ಇದೇ ದೂರು ಹೇಳಿದರು.

ಹಿಂದಿ ಡಬ್ಬಿಂಗಿನಲ್ಲಿ ಈ ತೊಂದರೆ ಇಲ್ಲ. ಮಾತು ಸ್ಟುಡಿಯೋದಲ್ಲಿ ಹೊಸದಾಗಿ ಹೇಳಿಸಿದ್ದು, ಹಾಗಾಗಿ ಸ್ಪಷ್ಟ. ಆದರೆ ಖಳನ ಪಾತ್ರ ಮಾಡಿದ ಕೆನೆತ್ ಬ್ರಾನಾ ಅವರ ರಷ್ಯನ್ ಧಾಟಿಯ ಇಂಗ್ಲಿಷ್ ಹೋಯಿತು, ಅದರ ಜೊತೆ ಆ ಖಳನ ಮೇಲಿನ ಭಯವೂ ಅರ್ಧ ಹೋಯಿತು. ಇಲ್ಲಿ ಸಿನಿಮಾ ಹಿಂದಿ, ತಮಿಳು, ತೆಲುಗಿಗೆ ಡಬ್ ಆಯಿತು, ಕನ್ನಡಕ್ಕೆ ಆಗಲಿಲ್ಲ. ‘ಅವತಾರ್’ ಎರಡನೇ ಭಾಗ 2022ರಲ್ಲಿ ಕನ್ನಡದಲ್ಲೂ ಬಂತಲ್ವಾ? ಇಂಥ ಕಷ್ಟದ ಸಿನಿಮಾಕ್ಕೇ ನಮ್ಮ ಭಾಷೆ ಜಾಸ್ತಿ ಬೇಕಿತ್ತು.

ಮೂರನೆಯದು ಮನೆ. ವಿದ್ಯಾನಗರದ ನಮ್ಮ ಮನೆಯ ಟೀವಿ ಅಂಥ ದೊಡ್ಡದೇನಲ್ಲ. ಇಂಗ್ಲಿಷ್ ಸಬ್‌ಟೈಟಲ್ ಹಾಕಿ ಅಕ್ಕನ ಮಗಳ ಜೊತೆ ನೋಡಿದೆ. ಕಥೆಯ ಎಳೆ ಕೈಗೆ ಸಿಕ್ಕಿದ್ದು ಆಗಲೇ.

“ಮಾಮ, ಇವ್ನ್ಯಾಕೆ ಈಗ ಮಾಸ್ಕ್ ಹಾಕ್ದ?” ಅಂತ ಕೇಳಿದಳು. ಅದೇ ಬೀಗದ ಕೈ. ಈ ಕಥೆಯಲ್ಲಿ ಒಂದು ಯಂತ್ರ ಇದೆ. ಅದರೊಳಗೆ ಹೋಗಿ ಬಂದವರಿಗೆ ಕಾಲ ಹಿಂದಕ್ಕೆ ಹರಿಯುತ್ತದೆ. ಅವರ ಶ್ವಾಸಕೋಶಕ್ಕೆ ನಮ್ಮ ಗಾಳಿ ಒಗ್ಗುವುದಿಲ್ಲ, ಅದಕ್ಕೇ ಮಾಸ್ಕ್. ಯಂತ್ರದ ಕೆಂಪು ಬದಿ ಮುಂದಕ್ಕೆ ಹೋಗುವವರದು, ನೀಲಿ ಬದಿ ಹಿಂದಕ್ಕೆ ಹೋಗುವವರದು. ಹಿಂದಕ್ಕೆ ಹೋಗುವವನಿಗೆ ಬೆಂಕಿ ತಗುಲಿದರೆ ಮೈ ಸುಡುವುದಿಲ್ಲ, ಹೆಪ್ಪುಗಟ್ಟುತ್ತದೆ. ಇಷ್ಟು ತಲೆಯಲ್ಲಿದ್ದರೆ ಸಾಕು. ಶಿರಾಡಿ ಘಾಟಿಯಲ್ಲಿ ಒಂದು ಬಸ್ಸು ಇಳಿಯುತ್ತಿದೆ, ಇನ್ನೊಂದು ಹತ್ತುತ್ತಿದೆ ಅಂದುಕೊಳ್ಳಿ. ತಿರುವುಗಳೆಲ್ಲ ಅವೇ. ಒಬ್ಬರಿಗೆ ಸಕಲೇಶಪುರ ಮೊದಲು, ಇನ್ನೊಬ್ಬರಿಗೆ ಕೊನೆಗೆ. ಕಡೆಯ ಯುದ್ಧದಲ್ಲಿ ಎರಡು ತಂಡಗಳು ಅದೇ ಹತ್ತು ನಿಮಿಷವನ್ನು ಎರಡು ತುದಿಗಳಿಂದ ದಾಟುತ್ತವೆ.

ಮನೆಯಲ್ಲಿ ನೋಡುವಾಗ ಒಂದು ಅಪಾಯ ಇದೆ. ನಿಮಿಷಕ್ಕೊಮ್ಮೆ ನಿಲ್ಲಿಸಿ ಹಿಂದಕ್ಕೆ ಓಡಿಸಬೇಕು ಅನ್ನಿಸುತ್ತದೆ. ಬೇಡ. ಎರಡೂವರೆ ಗಂಟೆಯನ್ನು ಒಂದೇ ಓಟದಲ್ಲಿ ನೋಡಿ. ‘ಅರ್ಥ ಮಾಡಿಕೊಳ್ಳೋಕೆ ಹೋಗಬೇಡ, ಅನುಭವಿಸು’ ಅನ್ನುವ ಅರ್ಥದ ಮಾತನ್ನು ಒಬ್ಬ ವಿಜ್ಞಾನಿ ಪಾತ್ರವೇ ಶುರುವಿನಲ್ಲಿ ಹೇಳುತ್ತದೆ. ವಿವರಣೆಯ ವಿಡಿಯೋಗಳನ್ನು ಮೊದಲೇ ನೋಡುವುದಂತೂ ಬೇಡವೇ ಬೇಡ. ಓಸ್ಲೋದ ಹೊಡೆದಾಟ ಸಿನಿಮಾದಲ್ಲಿ ಎರಡು ಸಲ ಬರುತ್ತದೆ. ಎರಡನೇ ಸಲ ಸಿಗುವ ಅಚ್ಚರಿಯನ್ನು ಆ ವಿಡಿಯೋಗಳು ಕಿತ್ತುಕೊಳ್ಳುತ್ತವೆ.

ಪಕ್ಕದ ಮನೆಯ ಅಂಕಲ್ ಇಲ್ಲಿನ ಎಂಸಿಎಫ್‌ನಿಂದ, ಅಂದರೆ ಸಾಲಗಾಮೆ ರಸ್ತೆಯ ಇಸ್ರೋ ಕೇಂದ್ರದಿಂದ, ನಿವೃತ್ತರಾದವರು. ಅವರಿಗೆ ನೋಲನ್ ಅವರದೇ ‘ಇಂಟರ್‌ಸ್ಟೆಲ್ಲರ್’ ಪ್ರಾಣ, ‘ಟೆನೆಟ್’ ಕಂಡರೆ ಆಗುವುದಿಲ್ಲ. ಜಿಪಿಎಸ್ ಉಪಗ್ರಹದ ಗಡಿಯಾರ ನಮ್ಮ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ, ಅದನ್ನು ಸರಿಪಡಿಸದಿದ್ದರೆ ದಾರಿ ತಪ್ಪುತ್ತದೆ. ಕಾಲದ ವೇಗ ಎಲ್ಲ ಕಡೆ ಒಂದೇ ಅಲ್ಲ ಅನ್ನುವುದು ಅವರಿಗೆ ಗೊತ್ತು. ಹಾಗಾಗಿ ‘ಇಂಟರ್‌ಸ್ಟೆಲ್ಲರ್’ನಲ್ಲಿ ಬರುವ ನೀರಿನ ಗ್ರಹದ ಒಂದು ಗಂಟೆ ಭೂಮಿಯ ಏಳು ವರ್ಷ ಅಂದರೆ ಅವರು ಒಪ್ಪುತ್ತಾರೆ. “ಒಂದು ಗುಂಡು ಹಿಂದಕ್ಕೆ ಹಾರೋದನ್ನ ಹೆಂಗಪ್ಪ ಒಪ್ಪಲಿ?” ಅನ್ನುತ್ತಾರೆ. ನ್ಯಾಯವಾದ ಪ್ರಶ್ನೆ. ‘ಇಂಟರ್‌ಸ್ಟೆಲ್ಲರ್’ನಲ್ಲಾದರೆ ಅಪ್ಪ ಮಗಳ ನಡುವೆ ಕಳೆದುಹೋದ ವರ್ಷಗಳಿವೆ, ಯಾರಿಗಾದರೂ ಕಣ್ಣು ತುಂಬುತ್ತದೆ. ‘ಟೆನೆಟ್’ನಲ್ಲಿ ನಾಯಕನಿಗೆ ಹೆಸರೂ ಇಲ್ಲ. ಆದರೂ ನನಗೆ ‘ಟೆನೆಟ್’ ಹೆಚ್ಚು ಇಷ್ಟ. ಒಂದು ದೊಡ್ಡ ಹೊಡೆದಾಟದ ಸಿನಿಮಾ ನನ್ನನ್ನು ಇಷ್ಟು ಯೋಚಿಸುವಂತೆ ಮಾಡಿದ್ದು ಬೇರೆ ಇಲ್ಲ.

ಅಪ್ಪ ಅಮ್ಮನ ಜೊತೆ ಸಂಜೆ ಹೊತ್ತು ನೋಡೋಕೆ ‘ಇಂಟರ್‌ಸ್ಟೆಲ್ಲರ್’ ಹಾಕಿ. ‘ಟೆನೆಟ್’ ಆದರೆ ಮೊದಲು ಮನೆಯಲ್ಲಿ, ಸಬ್‌ಟೈಟಲ್ ಜೊತೆ. ಆಮೇಲೆ ವಿವರಣೆ ಬೇಕಾದಷ್ಟು ಓದಿ. ‘ಇಂಟರ್‌ಸ್ಟೆಲ್ಲರ್’ 2025ರ ಫೆಬ್ರವರಿಯಲ್ಲಿ ಮತ್ತೆ ತೆರೆಗೆ ಬಂದ ಹಾಗೆ ಇದೂ ಬಂದರೆ, ಮಾತೆಲ್ಲ ಗೊತ್ತಿರುವ ನೀವು ಆ 747 ಅನ್ನು ದೊಡ್ಡ ಪರದೆಯಲ್ಲೇ ನೋಡಬಹುದು.