ಬೂದಿಮಣ್ಣಿನ ಹುಳಿ: ಸ್ಯಾಂಟೊರಿನಿಯ ಅಸಿರ್ಟಿಕೊ ವೈನ್

ಕಳೆದ ತಿಂಗಳು ಇಂದಿರಾನಗರದ ಒಂದು ರೆಸ್ಟೋರೆಂಟಿನಲ್ಲಿ ಗ್ರೀಸಿನ ಸ್ಯಾಂಟೊರಿನಿ ದ್ವೀಪದ, ಅಸಿರ್ಟಿಕೊ ಎಂಬ ದ್ರಾಕ್ಷಿ ತಳಿಯ ವೈನನ್ನು ಮೊದಲ ಬಾರಿಗೆ ಸವಿದೆ. ಬಿಸಿಲು ಹೆಚ್ಚಿರುವ ಸೀಮೆಯ ದ್ರಾಕ್ಷಿ ಬೇಗ ಮಾಗಿ, ಸಿಹಿಯೇರಿ, ಹುಳಿ ಕಳೆದುಕೊಳ್ಳುವುದು ಸಾಮಾನ್ಯ. ಆದರೆ ಈ ಬಿಳಿ ವೈನಿನ ಗುಟುಕಿನಲ್ಲಿ ನಿಂಬೆಸಿಪ್ಪೆಯಂಥ ಚುರುಕು ಹುಳಿಯೂ ಅದರ ಬೆನ್ನಿಗೇ ನಾಲಿಗೆಯ ಅಂಚಿನಲ್ಲಿ ಉಳಿಯುವ ಉಪ್ಪಿನ ಛಾಯೆಯೂ ಇದ್ದವು.

ಈ ರುಚಿಯ ಹಿಂದೆ ಆ ದ್ವೀಪದ ಮಣ್ಣಿದೆ. ಸುಮಾರು 3600 ವರ್ಷಗಳ ಹಿಂದೆ ಸಿಡಿದ ಜ್ವಾಲಾಮುಖಿ ಅಲ್ಲಿ ಬೂದಿಯನ್ನೂ ಹಗುರವಾದ ರಂಧ್ರಗಲ್ಲನ್ನೂ ದಪ್ಪನಾಗಿ ಹಾಸಿತು; ಅಲ್ಲಿನವರು ಇದನ್ನು ‘ಆಸ್ಪ’ ಎನ್ನುತ್ತಾರೆ. ಇದರಲ್ಲಿ ಜೇಡಿಯಾಗಲಿ ಗೊಬ್ಬರದ ಅಂಶವಾಗಲಿ ಇಲ್ಲವೆನ್ನುವಷ್ಟು ಕಡಿಮೆ. ಪೊಟ್ಯಾಷಿಯಂ ಸಹ ಕಡಿಮೆಯಿರುವುದರಿಂದ ಹಣ್ಣು ಪೂರ್ತಿ ಮಾಗಿದರೂ ಹುಳಿ ಕುಗ್ಗುವುದಿಲ್ಲ. 19ನೇ ಶತಮಾನದಲ್ಲಿ ಯುರೋಪಿನ ತೋಟಗಳನ್ನು ಹಾಳುಗೆಡವಿದ ಫಿಲಾಕ್ಸೆರಾ ಎಂಬ ಬೇರುಕೀಟ ಈ ಮಣ್ಣಿನಲ್ಲಿ ಬದುಕಲಾರದ ಕಾರಣ, ಅಲ್ಲಿನ ಬಳ್ಳಿಗಳು ಇಂದಿಗೂ ಕಸಿಯಿಲ್ಲದೆ ಸ್ವಂತ ಬೇರಿನ ಮೇಲೆಯೇ ನಿಂತಿವೆ.

ನಂದಿ ಬೆಟ್ಟದ ಸುತ್ತಲಿನ ಕೆಂಪು ಮಣ್ಣಿನಲ್ಲಿ ಬೆಂಗಳೂರು ನೀಲಿ ದ್ರಾಕ್ಷಿಯನ್ನು ತಲೆಯ ಮೇಲಿನ ಚಪ್ಪರಕ್ಕೆ ಹಬ್ಬಿಸುವುದನ್ನು ಕಂಡ ನಮಗೆ ಅಲ್ಲಿನ ಪದ್ಧತಿ ವಿಚಿತ್ರವೆನಿಸಬಹುದು. ಬೇಸಿಗೆಯಲ್ಲಿ ಉತ್ತರದಿಂದ ಬೀಸುವ ಮೆಲ್ತೆಮಿ ಗಾಳಿಗೆ ಚಿಗುರು ಮುರಿಯದಂತೆ ರೈತರು ಬಳ್ಳಿಯನ್ನು ನೆಲಕ್ಕೆ ಒತ್ತಿ ಬುಟ್ಟಿಯಂತೆ ಸುತ್ತುತ್ತಾರೆ, ಗೊಂಚಲುಗಳು ಅದರ ಒಳಗೆ ಅಡಗಿ ಬೆಳೆಯುತ್ತವೆ. ಬೇಸಿಗೆಯಲ್ಲಿ ಮಳೆಯೇ ಇಲ್ಲದ ಆ ನೆಲದಲ್ಲಿ ರಾತ್ರಿ ಸಮುದ್ರದಿಂದೇರುವ ಮಂಜಿನ ತೇವವನ್ನು ರಂಧ್ರಗಲ್ಲು ಹೀರಿಟ್ಟುಕೊಂಡು ಬೇರಿಗೆ ಒದಗಿಸುತ್ತದೆ. ಇಂಥಲ್ಲಿ ಇಳುವರಿ ಬಹಳ ಕಡಿಮೆ. ಬೆಲೆ ಹೆಚ್ಚಿರುವುದಕ್ಕೆ ಆಮದು ಸುಂಕದ ಜೊತೆಗೆ ಇದೂ ಕಾರಣ, ಆ ದುಡಿಮೆಗೆ ಅದು ಸಲ್ಲತಕ್ಕದ್ದೆಂದೇ ನನ್ನ ಭಾವನೆ.

ಬಡಿಸಿದ ರೀತಿಯ ಬಗ್ಗೆ ಮಾತ್ರ ಬೇಸರವಿದೆ. ಬಾಟಲಿಯನ್ನು ಮಂಜುಗಡ್ಡೆಯಲ್ಲಿ ಎಷ್ಟೋ ಹೊತ್ತು ಹೂತಿಟ್ಟಿದ್ದರಿಂದ ಮೊದಲ ಲೋಟದಲ್ಲಿ ಪರಿಮಳವೇ ಇರಲಿಲ್ಲ. ಹೊರಗೆ ತೆಗೆಸಿ ಕಾಲು ಗಂಟೆ ಕಾದ ಮೇಲಷ್ಟೇ ಅದರ ನಿಜವಾದ ಗುಣ ತಿಳಿಯಿತು. ಜೊತೆಗೆ ತರಿಸಿದ್ದ ಅಂಜಲ್ ಮೀನಿನ ತವಾ ಫ್ರೈಗೆ ನಿಂಬೆ ಹಿಂಡುವ ಅಗತ್ಯವೇ ಬೀಳಲಿಲ್ಲ. ಆದರೆ ಖಾರದ ಗಸಿಯ ಎದುರು ಇದರ ಉಪ್ಪಿನ ಸೂಕ್ಷ್ಮ ಅಳಿಸಿಹೋಗುತ್ತದೆ, ಆದ್ದರಿಂದ ಮಸಾಲೆ ಹಗುರವಾಗಿರುವ ಮೀನನ್ನೇ ಆರಿಸಿಕೊಳ್ಳಿ.