ಗೇಜ್ ನೋಡಿ ಗ್ಯಾಸ್ ತುಂಬಿದ್ದು, ತೂಕ ನೋಡಿ ತುಂಬಿದ್ದು

ಐಸ್ ಕೆರೆಯಲು ಚಾಕು ಹಾಕಿ ಸಣ್ಣ ಫ್ರಿಜ್‌ನ ಇವ್ಯಾಪೊರೇಟರ್ (ಒಳಗೆ ತಂಪು ಮಾಡುವ ಭಾಗ) ತೂತು ಮಾಡಿದವನು ನಾನೇ, ಹಾಗಾಗಿ ಯಾರನ್ನೂ ಬೈಯುವ ಹಾಗಿರಲಿಲ್ಲ. ಅದನ್ನು ತೆಗೆದು ತಾಮ್ರದ ಕಾಯಿಲ್ ಬೆಸುಗೆ ಹಾಕಿದೆ. ಗ್ಯಾಸಿನ ತೇವ, ಕಸ ಹಿಡಿಯುವ ಫಿಲ್ಟರ್ ಡ್ರೈಯರ್ ಕೂಡ ಬದಲಿಸಿದೆ. ಆಮೇಲೆ ಫ್ರಿಜ್ ತಂಪು ಮಾಡುವ ಆರ್134ಎ ಗ್ಯಾಸನ್ನು ಎರಡು ಸಲ, ಎರಡು ರೀತಿ ತುಂಬಿದೆ.

ಮೊದಲ ಸಲ ಒತ್ತಡ ತೋರಿಸುವ ಗೇಜನ್ನೇ ನಂಬಿದೆ. ಸಕ್ಷನ್ ಕಡೆ (ಗ್ಯಾಸ್ ಕಂಪ್ರೆಸರ್‌ಗೆ ವಾಪಸಾಗುವ ಪೈಪ್‌ನಲ್ಲಿ) ಒತ್ತಡ 10 ಪಿಎಸ್‌ಐ ಅಂದರೆ ಗ್ಯಾಸ್ ಸುಮಾರು ಮೈನಸ್ 14 ಡಿಗ್ರಿಯಲ್ಲಿ ಕುದಿಯುತ್ತಿದೆ ಅಂತ ಅರ್ಥ, ಲೆಕ್ಕವೇನೋ ಸರಿ. ಆದರೆ ಪೆಟ್ಟಿಗೆ ತಣ್ಣಗಾದ ಹಾಗೆ ಮುಳ್ಳು ತಾನಾಗಿಯೇ ಇಳಿಯುತ್ತದೆ, ಅಲ್ವಾ? ನನಗದು ಹೊಳೆಯಲಿಲ್ಲ. ಇಳಿಯಿತು, ಹಾಕಿದೆ. ಮತ್ತೆ ಇಳಿಯಿತು, ಮತ್ತೆ ಹಾಕಿದೆ. ಬೆಳಿಗ್ಗೆ ಎದ್ದು ನೋಡಿದರೆ ಸಕ್ಷನ್ ಪೈಪ್ ಮೇಲೆ ಬಿಳಿ ಹಿಮ ಕಂಪ್ರೆಸರ್ ಬುಡದವರೆಗೂ ಹಬ್ಬಿತ್ತು, ಒಳಗೆ ಮಾತ್ರ ಹೇಳಿಕೊಳ್ಳುವಂಥ ತಂಪಿಲ್ಲ. ರಿಕವರಿ ಸಿಲಿಂಡರ್‌ಗೆ ವಾಪಸ್ ಎಳೆದು ತೂಗಿದೆ: 108 ಗ್ರಾಂ. ಲೇಬಲ್ ಮೇಲಿದ್ದದ್ದು 90. (ಸುಮ್ನೆ ಗಾಳಿಗೆ ಬಿಡಬೇಡಿ. ಇದು ಭೂಮಿಯನ್ನು ಕಾರ್ಬನ್ ಡೈಆಕ್ಸೈಡ್‌ಗಿಂತ ಸಾವಿರಪಟ್ಟಿಗೂ ಜಾಸ್ತಿ ಬಿಸಿ ಮಾಡುವ ಗ್ಯಾಸ್.)

ಎರಡನೇ ಸಲ ಕ್ಯಾನ್ ಕೆಳಗೆ ಡಿಜಿಟಲ್ ತಕ್ಕಡಿ ಇಟ್ಟೆ. ಕಾಯಿಲ್ ಬದಲಾದ ಮೇಲೆ ಲೇಬಲ್ ಲೆಕ್ಕವೂ ಪೂರ್ತಿ ನಿಲ್ಲುವುದಿಲ್ಲ, ಅದಕ್ಕೇ 65 ಗ್ರಾಂ ಹಾಕಿ, ಅರ್ಧ ಗಂಟೆಗೊಮ್ಮೆ 5 ಗ್ರಾಂ ಸೇರಿಸುತ್ತಾ, ಹಿಮ ಎಲ್ಲಿವರೆಗೆ ಬಂತು ಅಂತ ಬೆರಳಿಟ್ಟು ನೋಡುತ್ತಾ ಕೂತೆ. 80ಕ್ಕೆ ಹಿಮ ಕಾಯಿಲ್‌ನ ಕೊನೇ ಸುತ್ತಿನಲ್ಲಿ ನಿಂತಿತು. ತಾಳ್ಮೆ ಕೆಡಿಸುವ ಕೆಲಸ, ಆದರೆ ನನ್ನ ವೋಟು ಇದಕ್ಕೇ.

ತಕ್ಕಡಿಗೂ ಅದರದೇ ಕಾಟ ಇದೆ. ಹೋಸ್ ಗಡಸು, ಮೊಣಕೈ ತಗುಲಿದರೂ ಅಂಕಿ 3-4 ಗ್ರಾಂ ಜಿಗಿಯುತ್ತದೆ. ಕ್ಯಾನ್ ನೆಟ್ಟಗೇ ಇರಬೇಕು, ತಲೆಕೆಳಗಾದರೆ ದ್ರವವೇ ಕಂಪ್ರೆಸರ್‌ಗೆ ಹೋಗುತ್ತದೆ. ಗೇಜನ್ನೇನೂ ಎಸೆಯಲಿಲ್ಲ. ಮುಳ್ಳು ವ್ಯಾಕ್ಯೂಮ್‌ಗೆ ಇಳಿದು ಅಲ್ಲೇ ಕೂತರೆ ಕ್ಯಾಪಿಲರಿ (ಇವ್ಯಾಪೊರೇಟರ್‌ಗೆ ಗ್ಯಾಸ್ ಬಿಡುವ ಸಣ್ಣ ಕೊಳವೆ) ಕಟ್ಟಿಕೊಂಡಿದೆಯೋ ಏನೋ ಅಂತ ಸುಳಿವು ಕೊಡುವುದು ಅದೇ.

ವ್ಯಾಕ್ಯೂಮ್, ಅಂದರೆ ಗ್ಯಾಸ್ ತುಂಬುವ ಮೊದಲು ಪೈಪ್‌ಗಳೊಳಗಿನ ಗಾಳಿ ಎಳೆಯುವ ವಿಷಯದಲ್ಲಿ ಹೋಲಿಕೆಗೇ ಅರ್ಥವಿಲ್ಲ. ಮೊದಲ ಸಲ ಹಳೇ ಕಂಪ್ರೆಸರ್‌ನಿಂದ ಎಳೆದಿದ್ದೆ, ಎರಡನೇ ಸಲ ಬಾಡಿಗೆಯ ಎರಡು ಹಂತದ ಪಂಪ್ ತಂದೆ. ಒಳಗಿನ ಒತ್ತಡ 500 ಮೈಕ್ರಾನ್‌ಗೆ (ವ್ಯಾಕ್ಯೂಮ್ ಅಳೆಯುವ ಮಾನ) ಇಳಿಯಿತು, ವಾಲ್ವ್ ಮುಚ್ಚಿದ ಮೇಲೂ ಹೆಚ್ಚು ಏರಲಿಲ್ಲ.

ನಿಮ್ಮ ಲೇಬಲ್‌ನಲ್ಲಿ ಆರ್600ಎ ಅಂತಿದ್ದರೆ ಈ ಬೆಸುಗೆ ಕಥೆ ನಿಮಗಲ್ಲ. ಅದು ಐಸೋಬ್ಯೂಟೇನ್, ಹತ್ತಿಕೊಳ್ಳುತ್ತದೆ. ಅದನ್ನು ನಾನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ.