ಮೂಲ ಫೈಲೋ, ಪ್ರೋರೆಸ್ಸೋ, ಪ್ರಾಕ್ಸಿಯೋ: ಇಡೀ ರಾತ್ರಿಯ ಆಟವನ್ನು ಮೂರು ಬಗೆಯಲ್ಲಿ ಸಂಕಲಿಸಿ ಕಂಡದ್ದು

ಬಡಗುತಿಟ್ಟಿನ ಯಕ್ಷಗಾನದ ಇಡೀ ರಾತ್ರಿಯ ಆಟವೊಂದನ್ನು ಮೂರು ಕ್ಯಾಮೆರಾಗಳಲ್ಲಿ ಚಿತ್ರೀಕರಿಸಿದರೆ, ಬೆಳಗಿನ ಮಂಗಳದ ಹೊತ್ತಿಗೆ ಸುಮಾರು 21 ಗಂಟೆಗಳ ಫುಟೇಜ್ ಕೈಯಲ್ಲಿರುತ್ತದೆ. ನಾನು ಬಳಸುವ ಕ್ಯಾಮೆರಾಗಳು 4ಕೆಯಲ್ಲಿ, ಸೆಕೆಂಡಿಗೆ 25 ಫ್ರೇಮ್‌ಗಳಂತೆ, ಎಚ್.264 ಎಂಬ ಸಂಕುಚಿತ ವಿಡಿಯೊ ರೂಪದಲ್ಲಿ ಸೆಕೆಂಡಿಗೆ 100 ಮೆಗಾಬಿಟ್ ದಾಖಲಿಸುತ್ತವೆ. ಇದು ಗಂಟೆಗೆ 45 ಜಿಬಿ ಆಗುತ್ತದೆ. ಏಳು ಗಂಟೆಯ ಆಟಕ್ಕೆ ಮೂರೂ ಕ್ಯಾಮೆರಾ ಸೇರಿ 945 ಜಿಬಿ. ಇಷ್ಟನ್ನು ಸಂಕಲಿಸಲು ಮೂರು ದಾರಿಗಳಿವೆ. ಕ್ಯಾಮೆರಾದಿಂದ ಬಂದ ಫೈಲುಗಳನ್ನು ಹಾಗೆಯೇ ಟೈಮ್‌ಲೈನಿಗೆ ಹಾಕಬಹುದು. ಎಲ್ಲವನ್ನೂ ಪ್ರೋರೆಸ್‌ನಂತಹ ಸಂಕಲನಯೋಗ್ಯ ರೂಪಕ್ಕೆ ಪರಿವರ್ತಿಸಿಕೊಳ್ಳಬಹುದು. ಇಲ್ಲವೇ ಹಗುರವಾದ ಪ್ರಾಕ್ಸಿ ಪ್ರತಿಗಳನ್ನು ಮಾಡಿಕೊಂಡು ಅವುಗಳ ಮೇಲೆ ಕೆಲಸ ಮುಗಿಸಿ, ಕೊನೆಯ ರೆಂಡರಿಗೆ ಮಾತ್ರ ಮೂಲಕ್ಕೆ ಮರಳಬಹುದು. ಯಾವುದು ಮೇಲು ಎಂಬ ಪ್ರಶ್ನೆಗೆ ಬಾಯಿಮಾತಿನ ಉತ್ತರಗಳು ಬೇಕಾದಷ್ಟು ಸಿಗುತ್ತವೆ. ಮೇಳದ ಕಳೆದ ತಿರುಗಾಟದ ಅವಧಿಯಲ್ಲಿ ನಾನು ಒಂದೇ ಆಟದ 40 ನಿಮಿಷಗಳ ಒಂದೇ ಭಾಗವನ್ನು ಮೂರೂ ಕ್ರಮಗಳಲ್ಲಿ ಸಂಕಲಿಸಿ ನೋಡಿದೆ. ಯಂತ್ರ ಆರು ಕೋರ್‌ಗಳ ವಿಂಡೋಸ್ ಡೆಸ್ಕ್‌ಟಾಪ್, 32 ಜಿಬಿ ರ‍್ಯಾಮ್. ತಂತ್ರಾಂಶ ಪ್ರೀಮಿಯರ್ ಪ್ರೊ.

ಮೊದಲು ಮೂಲ ಫೈಲುಗಳ ವಿಷಯ. ಎಚ್.264 ಫೈಲಿನಲ್ಲಿ ಪ್ರತಿಯೊಂದು ಫ್ರೇಮೂ ಪೂರ್ಣ ಚಿತ್ರವಾಗಿ ಇರುವುದಿಲ್ಲ. ಅಲ್ಲೊಂದು ಇಲ್ಲೊಂದು ಪೂರ್ಣ ಫ್ರೇಮ್ ಇರುತ್ತದೆ. ನಡುವಿನವುಗಳಲ್ಲಿ ಅಕ್ಕಪಕ್ಕದ ಫ್ರೇಮ್‌ಗಳಿಗಿಂತ ಏನು ಬದಲಾಯಿತು ಎಂಬುದಷ್ಟೇ ದಾಖಲಾಗಿರುತ್ತದೆ. ಆದ್ದರಿಂದ ನಡುವಿನ ಒಂದು ಫ್ರೇಮನ್ನು ತೋರಿಸಬೇಕಾದರೂ ಕಂಪ್ಯೂಟರ್ ಹಿಂದಿನ ಪೂರ್ಣ ಫ್ರೇಮಿನಿಂದ ಲೆಕ್ಕ ಹಾಕುತ್ತಾ ಬರಬೇಕು. ಒಂದೇ ಕ್ಯಾಮೆರಾದ ಫೈಲನ್ನು ನೇರವಾಗಿ ಓಡಿಸುವಾಗ ಗ್ರಾಫಿಕ್ಸ್ ಕಾರ್ಡ್ ಈ ಹೊರೆಯನ್ನು ಹೊತ್ತುಕೊಳ್ಳುತ್ತದೆ, ತೊಂದರೆ ಕಾಣುವುದಿಲ್ಲ. ಮೂರು ಕ್ಯಾಮೆರಾಗಳನ್ನು ಒಟ್ಟಿಗೆ ತೆರೆದು, ಹಿಂದೆ ಮುಂದೆ ಎಳೆದಾಡುತ್ತಾ ಕಟ್ ಹುಡುಕುವಾಗ ಮಾತ್ರ ನಿಜಸ್ಥಿತಿ ತಿಳಿಯುತ್ತದೆ. ಒಡ್ಡೋಲಗದ (ವೇಷಗಳ ರಂಗಪ್ರವೇಶದ) ಕುಣಿತದಲ್ಲಿ ಚಂಡೆಯ ಮುಕ್ತಾಯದ ಕೊನೆಯ ಪೆಟ್ಟಿಗೆ ಸರಿಯಾಗಿ ಕ್ಯಾಮೆರಾ ಬದಲಾಗಬೇಕೆಂದು ನಾನು ಕೀಲಿ ಒತ್ತಿದರೆ, ಚಿತ್ರ ತಡವರಿಸಿ, ಕಟ್ ಮೂರು ನಾಲ್ಕು ಫ್ರೇಮ್ ಆಚೆಗೆ ಬೀಳುತ್ತಿತ್ತು. ವೇಷಧಾರಿಯ ಕಾಲು ಅಷ್ಟರಲ್ಲಿ ನೆಲ ಮುಟ್ಟಿ ಮೇಲೆದ್ದಿರುತ್ತಿತ್ತು. ಹೀಗೆ ಬಿದ್ದ ಪ್ರತಿ ಕಟ್ಟನ್ನೂ ಮತ್ತೆ ಕೈಯಿಂದ ಸರಿಪಡಿಸಬೇಕಾಯಿತು. 40 ನಿಮಿಷಗಳಿಗೆ ಇದನ್ನು ಸಹಿಸಿಕೊಳ್ಳಬಹುದು, ಏಳು ಗಂಟೆಗೆ ಸಾಧ್ಯವಿಲ್ಲ.

ಇಲ್ಲಿ ಒಂದು ಮಾತನ್ನು ಸೇರಿಸಲೇಬೇಕು. ಗೆಳೆಯರೊಬ್ಬರ ಬಳಿ ಆ್ಯಪಲ್‌ನ ಎಂ1 ಚಿಪ್ ಇರುವ ಮ್ಯಾಕ್ ಮಿನಿ ಇದೆ. ಅದರಲ್ಲಿ ಎಚ್.264 ಮತ್ತು ಎಚ್.265 ಬಿಡಿಸುವುದಕ್ಕೆಂದೇ ಪ್ರತ್ಯೇಕ ವ್ಯವಸ್ಥೆ ಚಿಪ್ಪಿನೊಳಗೇ ಇರುವುದರಿಂದ, ಇದೇ ಮೂರು ಫೈಲುಗಳು ಅಲ್ಲಿ ಬಹುಮಟ್ಟಿಗೆ ಅಡೆತಡೆಯಿಲ್ಲದೆ ಓಡಿದವು. ಎರಡೂವರೆ ಮೂರು ಗಂಟೆಯ ಕಾಲಮಿತಿ ಪ್ರದರ್ಶನಗಳನ್ನಷ್ಟೇ ಸಂಕಲಿಸುವವರು, ಅಂತಹ ಯಂತ್ರವಿದ್ದರೆ, ಮೂಲ ಫೈಲುಗಳ ಮೇಲೆಯೇ ಕೆಲಸ ಮಾಡುವುದರಲ್ಲಿ ತಪ್ಪೇನೂ ಇಲ್ಲ.

ಎರಡನೆಯದು ಪೂರ್ಣ ಪರಿವರ್ತನೆ. ಆ್ಯಪಲ್ 2007ರಲ್ಲಿ ತಂದ ಪ್ರೋರೆಸ್‌ನಲ್ಲಿ ಪ್ರತಿ ಫ್ರೇಮೂ ತನ್ನಷ್ಟಕ್ಕೆ ಪೂರ್ಣವಾಗಿರುತ್ತದೆ. ಪ್ಲೇಹೆಡ್ ಎಲ್ಲಿ ನಿಂತರೂ ಚಿತ್ರ ತಕ್ಷಣ ಸಿಗುತ್ತದೆ. ಸಂಕಲನದ ಅನುಭವದಲ್ಲಿ ಇದಕ್ಕೆ ಎದುರಿಲ್ಲ. ತೊಡಕು ಇರುವುದು ಗಾತ್ರದಲ್ಲಿ. 4ಕೆ, 25 ಫ್ರೇಮ್‌ಗಳ ಪ್ರೋರೆಸ್ 422ಕ್ಕೆ ಸೆಕೆಂಡಿಗೆ 492 ಮೆಗಾಬಿಟ್ ಬೇಕು, ಎಂದರೆ ಗಂಟೆಗೆ ಸುಮಾರು 221 ಜಿಬಿ. ನಮ್ಮ 21 ಗಂಟೆಗಳಿಗೆ 4.6 ಟಿಬಿಗಿಂತ ಹೆಚ್ಚು. ಮೂರೂ ಕ್ಯಾಮೆರಾಗಳನ್ನು ಒಟ್ಟಿಗೆ ಓಡಿಸಲು ಡಿಸ್ಕ್ ಸೆಕೆಂಡಿಗೆ 184 ಎಂಬಿಯನ್ನು ಎಡೆಬಿಡದೆ ಕೊಡುತ್ತಿರಬೇಕು. ಸಾಮಾನ್ಯ ಹಾರ್ಡ್ ಡಿಸ್ಕಿಗೆ ಇದು ಆಗದ ಮಾತು, ಏಕೆಂದರೆ ಅದರ ಹೆಡ್ ಮೂರು ಫೈಲುಗಳ ನಡುವೆ ಹಾರಾಡುತ್ತಲೇ ಇರಬೇಕಾಗುತ್ತದೆ. ಹಾಗಾಗಿ ಈ ಕ್ರಮವನ್ನು ಆಯ್ದುಕೊಂಡವರು ದೊಡ್ಡ ಎಸ್‌ಎಸ್‌ಡಿಗೋ ಹಲವು ಡಿಸ್ಕ್‌ಗಳನ್ನು ಜೋಡಿಸಿದ ರೇಡ್ ಪೆಟ್ಟಿಗೆಗೋ ಹಣ ಹೂಡಲೇಬೇಕು.

ಪ್ರೋರೆಸ್‌ಗೆ ಪರಿವರ್ತಿಸಿದರೆ ಬಣ್ಣ ಸುಧಾರಿಸುತ್ತದೆ ಎಂಬ ನಂಬಿಕೆಯೂ ಬಲವಾಗಿದೆ. ಕೆಂಪು ಬಟ್ಟೆಯ ವೇಷ ಎಲ್‌ಇಡಿ ಬೆಳಕಿನಲ್ಲಿ ನಿಂತಾಗ ಅಂಚುಗಳು ಒಡೆದಂತೆ ಕಾಣುವುದನ್ನು ಈ ಕೆಲಸ ಮಾಡುವವರೆಲ್ಲ ಗಮನಿಸಿರುತ್ತಾರೆ. ನಮ್ಮ ಕ್ಯಾಮೆರಾಗಳು 4:2:0 ಕ್ರಮದಲ್ಲಿ ದಾಖಲಿಸುವುದರಿಂದ, ನಾಲ್ಕು ಪಿಕ್ಸೆಲ್‌ಗಳಿಗೆ ಒಂದರಂತೆ ಮಾತ್ರ ಬಣ್ಣದ ಮಾಹಿತಿ ಉಳಿದಿರುತ್ತದೆ. ಚಿತ್ರೀಕರಣದ ಹೊತ್ತಿನಲ್ಲಿಯೇ ಕಳೆದುಹೋದದ್ದನ್ನು ಪರಿವರ್ತನೆ ಮರಳಿ ತರಲಾರದು. ನಾನು ಎರಡೂ ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಕೇದಗೆ ಮುಂದಲೆ ಎಂಬ ತಲೆಯುಡುಗೆಯ ಅಂಚನ್ನು ನಾಲ್ಕು ಪಟ್ಟು ಹಿಗ್ಗಿಸಿ ನೋಡಿದೆ, ವ್ಯತ್ಯಾಸ ಕಾಣಲಿಲ್ಲ. ಆದರೂ ಒಂದು ಕಡೆ ಈ ದಾರಿಯನ್ನು ಬಿಡುವಂತಿಲ್ಲ. ಚೌಕಿಯಲ್ಲಿ, ಎಂದರೆ ವೇಷ ಕಟ್ಟುವ ಜಾಗದಲ್ಲಿ, ಬಣ್ಣಗಾರಿಕೆಯ ದೃಶ್ಯಗಳನ್ನು ಫೋನಿನಲ್ಲಿ ತೆಗೆದಿದ್ದರೆ ಅವುಗಳ ಫ್ರೇಮ್ ವೇಗ ಒಂದೇ ಸಮನಾಗಿ ಇರುವುದಿಲ್ಲ. ಅವನ್ನು ಮೊದಲೇ ಸ್ಥಿರ 25 ಫ್ರೇಮ್‌ಗಳಿಗೆ ಪರಿವರ್ತಿಸದಿದ್ದರೆ ಧ್ವನಿ ಮತ್ತು ಚಿತ್ರ ಬೇರೆ ಬೇರೆ ದಾರಿ ಹಿಡಿಯುತ್ತವೆ.

ಮೂರನೆಯದಾದ ಪ್ರಾಕ್ಸಿಯನ್ನೇ ನಾನು ಈಗ ಅನುಸರಿಸುತ್ತಿದ್ದೇನೆ. ಮೂಲ 4ಕೆ ಫೈಲಿನಿಂದ 1080 ಗಾತ್ರದ ಪ್ರೋರೆಸ್ ಪ್ರಾಕ್ಸಿ ತೆಗೆದರೆ ಸೆಕೆಂಡಿಗೆ ಸುಮಾರು 38 ಮೆಗಾಬಿಟ್, ಎಂದರೆ ಗಂಟೆಗೆ 17 ಜಿಬಿ. ಇಡೀ ಆಟ 360 ಜಿಬಿಯಲ್ಲಿ ಮುಗಿಯುತ್ತದೆ. ಮೂರು ಕ್ಯಾಮೆರಾಗಳು ಒಟ್ಟಿಗೆ ಓಡಿದರೂ ಡಿಸ್ಕ್ ಕೊಡಬೇಕಾದದ್ದು ಸೆಕೆಂಡಿಗೆ 15 ಎಂಬಿಗೂ ಕಡಿಮೆ. ಪ್ರಾಕ್ಸಿಗಳನ್ನು ಸಿದ್ಧಪಡಿಸಲು ಯಂತ್ರವನ್ನು ರಾತ್ರಿಯಿಡೀ ಬಿಡಬೇಕಾಗುತ್ತದೆ ಎಂಬುದು ನಿಜ. ಆದರೆ ಆಟ ಮುಗಿಸಿ ಬಂದ ದಿನ ಹೇಗೂ ಸಂಕಲನಕ್ಕೆ ಕುಳಿತುಕೊಳ್ಳುವ ಸ್ಥಿತಿ ಇರುವುದಿಲ್ಲ. ಪ್ರಾಕ್ಸಿಯ ಮೇಲೆ ಕೆಲಸ ಮಾಡುವಾಗ, ಮುಕ್ತಾಯದ ಪೆಟ್ಟು ಬಿದ್ದಾಗ ಒತ್ತಿದ ಕೀಲಿ ಅದೇ ಪೆಟ್ಟಿನಲ್ಲಿ ಕಟ್ ಮಾಡುತ್ತದೆ. ಇದರಿಂದ ಇನ್ನೊಂದು ಲಾಭವೂ ಆಯಿತು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುವುದರಿಂದ, ರಂಗಸ್ಥಳದಿಂದ 28 ಮೀಟರ್ ದೂರದಲ್ಲಿ, ಪ್ರೇಕ್ಷಕರ ಹಿಂದೆ ಇಟ್ಟ ಕ್ಯಾಮೆರಾಕ್ಕೆ ಚಂಡೆಯ ಸದ್ದು ಎರಡು ಫ್ರೇಮ್ ತಡವಾಗಿ ತಲುಪುತ್ತದೆ. ಧ್ವನಿಯನ್ನು ಹೊಂದಿಸಿ ಕ್ಯಾಮೆರಾಗಳನ್ನು ಜೋಡಿಸಿದರೆ ಆ ಕ್ಯಾಮೆರಾದ ಚಿತ್ರ ಎರಡು ಫ್ರೇಮ್ ಮುಂದಾಗಿಬಿಡುತ್ತದೆ, ಗೆಜ್ಜೆಯ ಕಾಲಿಗೂ ಪೆಟ್ಟಿಗೂ ತಾಳೆಯಾಗುವುದಿಲ್ಲ. ಮೂಲ ಫೈಲುಗಳು ತಡವರಿಸುತ್ತಿದ್ದಾಗ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಪ್ರಾಕ್ಸಿಯ ಸರಾಗ ಓಟದಲ್ಲಿ ಮೊದಲ ಕುಣಿತದಲ್ಲಿಯೇ ಕಂಡಿತು.

ಪ್ರಾಕ್ಸಿಯ ಅಪಾಯವನ್ನೂ ನಾನು ಅನುಭವಿಸಿದ್ದೇನೆ. ಒಂದು ಯುದ್ಧದ ಸನ್ನಿವೇಶದಲ್ಲಿ ಬದಿಯ ಕ್ಯಾಮೆರಾದ ಫೋಕಸ್ ವೇಷಧಾರಿಯನ್ನು ಬಿಟ್ಟು ಹಿಂದೆ ಕುಳಿತ ಹಿಮ್ಮೇಳದವರ ಮೇಲೆ ನಿಂತಿತ್ತು, ಅದೂ ಸುಮಾರು ನಾಲ್ಕು ನಿಮಿಷಗಳ ಕಾಲ. ಪ್ರಾಕ್ಸಿಯ ಸಣ್ಣ ಕಿಟಕಿಯಲ್ಲಿ ಎಲ್ಲವೂ ಸ್ಪಷ್ಟವಾಗಿರುವಂತೆ ತೋರಿದ್ದರಿಂದ ಆ ಭಾಗವನ್ನು ಧಾರಾಳವಾಗಿ ಬಳಸಿದ್ದೆ. ರೆಂಡರ್ ಆದ 4ಕೆ ಪ್ರತಿಯನ್ನು ದೊಡ್ಡ ಪರದೆಯ ಮೇಲೆ ನೋಡಿದಾಗಲೇ ತಪ್ಪು ತಿಳಿದದ್ದು; ಆ ಸನ್ನಿವೇಶವನ್ನು ಮೊದಲಿನಿಂದ ಕಟ್ಟಬೇಕಾಯಿತು. ಅಂದಿನಿಂದ, ಸಂಕಲನಕ್ಕೆ ಕೂರುವ ಮೊದಲು ಪ್ರತಿ ಕ್ಯಾಮೆರಾದ ಮೂಲ ಫೈಲನ್ನು ಪೂರ್ಣ ಗಾತ್ರದಲ್ಲಿ ಹತ್ತು ನಿಮಿಷಕ್ಕೊಮ್ಮೆಯಾದರೂ ನಿಲ್ಲಿಸಿ ನೋಡಿ, ಫೋಕಸ್ ತಪ್ಪಿದ ಕಡೆಗಳಲ್ಲಿ ಕೆಂಪು ಗುರುತು ಹಾಕುತ್ತೇನೆ. ಪ್ರಾಕ್ಸಿಯ ಹೆಸರು, ಟೈಮ್‌ಕೋಡ್, ಧ್ವನಿ ಚಾನೆಲ್‌ಗಳ ಸಂಖ್ಯೆ ಮೂಲದಂತೆಯೇ ಇರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಕೊನೆಯಲ್ಲಿ ಮೂಲಕ್ಕೆ ಮರಳುವಾಗ ಕ್ಲಿಪ್‌ಗಳು ಹೊಂದಿಕೊಳ್ಳುವುದಿಲ್ಲ.

ಬಣ್ಣದ ಕೆಲಸಕ್ಕೆ ಡಾವಿಂಚಿ ರಿಸಾಲ್ವ್ ತಂತ್ರಾಂಶದ ಉಚಿತ ಆವೃತ್ತಿಯೇ ನನಗೆ ಸಾಕಾಗಿದೆ. ಅದು 3840x2160ರವರೆಗೆ ರೆಂಡರ್ ಮಾಡಲು ಬಿಡುತ್ತದೆ, ನಮ್ಮ ಕೆಲಸ ಅದನ್ನು ಮೀರುವುದಿಲ್ಲ. ಈ ಹಂತದಲ್ಲಿ ಮಾತ್ರ ಮೂಲ ಫೈಲುಗಳನ್ನೇ ತೆರೆಯಬೇಕು.

ಸಲಕರಣೆಗೆ ಮೀಸಲಿಟ್ಟ ಹಣ ಮೊದಲು ಎಲ್ಲಿಗೆ ಹೋಗಬೇಕು ಎಂದು ಕೇಳುವವರಿಗೆ, ಗ್ರಾಫಿಕ್ಸ್ ಕಾರ್ಡಿಗಿಂತ ಮೊದಲು ಎರಡು ದೊಡ್ಡ ಹಾರ್ಡ್ ಡಿಸ್ಕ್ ಮತ್ತು ಒಂದು ಯುಪಿಎಸ್ ಕೊಳ್ಳಿ ಎನ್ನುತ್ತೇನೆ. ಮೂಲ ಫೈಲುಗಳ ಒಂದು ಪ್ರತಿ ಒಂದು ಡಿಸ್ಕಿನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿಟ್ಟ ಡಿಸ್ಕಿನಲ್ಲಿ. ಎರಡೂ ತೆರೆಯುತ್ತವೆ ಎಂದು ಖಚಿತವಾಗುವವರೆಗೆ ಕ್ಯಾಮೆರಾದ ಕಾರ್ಡ್ ಅಳಿಸುವಂತಿಲ್ಲ. ಆ ರಾತ್ರಿಯ ಆಟ ಮತ್ತೆ ಹಾಗೆಯೇ ನಡೆಯುವುದಿಲ್ಲ.

ಪ್ರಾಕ್ಸಿಗಳು ನನ್ನಲ್ಲಿ 500 ಜಿಬಿಯ ಒಂದು ಸಣ್ಣ ಎಸ್‌ಎಸ್‌ಡಿಯಲ್ಲಿರುತ್ತವೆ. ಮೊದಲ ಸಂಕಲನ ಮುಗಿದ ಮೇಲೆ ಅದನ್ನೂ ಹಳೆಯ ಲ್ಯಾಪ್‌ಟಾಪನ್ನೂ ಚೀಲಕ್ಕೆ ಹಾಕಿಕೊಂಡು, ಆಟದಲ್ಲಿ ಪದ್ಯ ಹಾಡುವ ಭಾಗವತರ ಮನೆಗೆ ಹೋಗುತ್ತೇನೆ. ಈ ಸಲ ಅವರು ಜಗಲಿಯಲ್ಲಿ ಕುಳಿತು, ತೊಡೆಯ ಮೇಲೆ ತಾಳ ಹಾಕುತ್ತಾ ನೋಡುತ್ತಿದ್ದವರು ಒಂದು ಕಡೆ ಕೈ ಎತ್ತಿ ನಿಲ್ಲಿಸಿದರು. "ಪದ್ಯ ಇಲ್ಲಿಗೆ ಮುಗಿಯಲಿಲ್ಲ, ಇನ್ನೊಂದು ಪೆಟ್ಟು ಉಂಟು, ನೀವು ಅದಕ್ಕೆ ಮೊದಲೇ ಮುಖ ಬದಲಾಯಿಸಿದಿರಿ" ಎಂದರು. ಅಲ್ಲಿಯೇ ಕಟ್ಟನ್ನು ಹನ್ನೊಂದು ಫ್ರೇಮ್ ಮುಂದಕ್ಕೆ ಸರಿಸಿ ಮತ್ತೆ ತೋರಿಸಿದೆ. ಅವರು ತಲೆಯಾಡಿಸಿ, ಮುಂದಿನ ಪದ್ಯಕ್ಕೆ ಹೋಗಿ ಎಂದರು.